ದಾಲ್ಚಿನ್ನಿ ಎಲೆ ಎಣ್ಣೆ: ನೂರು ಗ್ರಾಂಗೆ ಅರ್ಧ ಗ್ರಾಂ ಸಾಕು

ಕಲಬುರಗಿಯ ನಮ್ಮ ಮನೆಯಲ್ಲೇ ಸೋಪು, ಮೈಗೆ ಹಚ್ಚುವ ಎಣ್ಣೆ ಮಾಡಿ ಮಾರುತ್ತೇನೆ. ಮೂಲ ಎಣ್ಣೆ ನಮ್ಮ ಕಡೆಯ ಕುಸುಬಿಯದು, ಗಾಣದಲ್ಲಿ ತೆಗೆಸಿದ್ದು. ಪರಿಮಳಕ್ಕೆ ಹಾಕುವ ಎಣ್ಣೆಗಳಲ್ಲಿ ಗಿರಾಕಿಗಳು ಜಾಸ್ತಿ ಕೇಳುವುದು ದಾಲ್ಚಿನ್ನಿ ಎಲೆಯದು. ನಾನು ಎಲ್ಲಕ್ಕಿಂತ ಎಚ್ಚರದಿಂದ ಮುಟ್ಟುವುದೂ ಅದನ್ನೇ.

ಕೊಳ್ಳುವಾಗಲೇ ನೋಡಿ ಕೊಳ್ಳಬೇಕು. ದಾಲ್ಚಿನ್ನಿಯ ತೊಗಟೆಯಿಂದಲೂ ಎಣ್ಣೆ ತೆಗೆಯುತ್ತಾರೆ, ಎಲೆಯಿಂದಲೂ ತೆಗೆಯುತ್ತಾರೆ. ತೊಗಟೆ ಎಣ್ಣೆಯಲ್ಲಿ ಹೆಚ್ಚಿರುವುದು ಸಿನ್ನಮಾಲ್ಡಿಹೈಡ್. ಅದು ಚರ್ಮಕ್ಕೆ ಬಹಳ ಉರಿ. ಎಲೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಯುಜೆನಾಲ್. ಲವಂಗದೆಣ್ಣೆಯಲ್ಲಿ ಇರುವುದೂ ಅದೇ, ಅದಕ್ಕೇ ಮೂಗಿಗೆ ಮೊದಲು ಲವಂಗದ ವಾಸನೆ ಬಡಿಯುತ್ತದೆ. ಬಾಟಲಿ ಮೇಲೆ ಬರೀ 'ದಾಲ್ಚಿನ್ನಿ ಎಣ್ಣೆ' ಅಂತಿದ್ದರೆ ನಾನು ತೊಗೊಳ್ಳುವುದಿಲ್ಲ. ಎಲೆಯದೋ ತೊಗಟೆಯದೋ ಬರೆದಿರಬೇಕು, ಸಿನ್ನಮೋಮಮ್ ವೇರಮ್ ಅಂತ ಗಿಡದ ಹೆಸರೂ ಇರಬೇಕು. ನಮ್ಮ ಬಿಸಿಲು ನಾಡಿನ ಬೆಳೆಯಲ್ಲ ಇದು, ಶ್ರೀಲಂಕಾದ ಮಾಲು ತರಿಸುತ್ತೇನೆ.

ಇನ್ನು ಅಳತೆ. ಮೈಗೆ ಹಚ್ಚುವುದಕ್ಕೆ ಎಲೆ ಎಣ್ಣೆ ಶೇ 0.6 ದಾಟಬಾರದು ಅಂತ ಈ ಕೆಲಸದಲ್ಲಿ ಪಳಗಿದವರು ಹೇಳುತ್ತಾರೆ. ತೊಗಟೆ ಎಣ್ಣೆಗೆ ಆ ಮಿತಿ ಶೇ 0.07 ಮಾತ್ರ. ನಾನು 100 ಗ್ರಾಂ ಕುಸುಬಿ ಎಣ್ಣೆಗೆ ಅರ್ಧ ಗ್ರಾಂ ಹಾಕಿ ನಿಲ್ಲಿಸುತ್ತೇನೆ. ಹನಿ ಲೆಕ್ಕ ನಂಬುವುದಿಲ್ಲ, ಒಂದೊಂದು ಡ್ರಾಪರಿನ ಹನಿ ಒಂದೊಂದು ಗಾತ್ರ. ಬಂಗಾರ ತೂಗುವಂಥ ಸಣ್ಣ ತಕ್ಕಡಿ ಇಟ್ಟುಕೊಂಡಿದ್ದೇನೆ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆಗೆದು, ಗ್ಯಾಸ್ ಒಲೆಯಿಂದ ದೂರ ಕೂತು ತೂಗುತ್ತೇನೆ. ಪಾತ್ರೆ ಗಾಜು ಇಲ್ಲವೆ ಸ್ಟೀಲು. ಡ್ರಾಪರಿನ ರಬ್ಬರ್ ಈ ಎಣ್ಣೆಯ ಮೇಲೆ ಬಹಳ ದಿನ ಇದ್ದರೆ ಉಬ್ಬಿ ಅಂಟಂಟಾಗುತ್ತದೆ. ಹೀಗಾಗಿ ಬಾಟಲಿಗೆ ಮಾಮೂಲಿ ಮುಚ್ಚಳ ಹಾಕಿಡುತ್ತೇನೆ.

ಚಳಿಗಾಲದಲ್ಲಿ ಮೊಣಕಾಲು ಹಿಡಿದುಕೊಂಡವರಿಗೆ ಹೀಗೆ ಬೆರೆಸಿದ ಎಣ್ಣೆ ಹಚ್ಚಿದರೆ ಬೆಚ್ಚಗೆ ಹಿತವಾಗುತ್ತದೆ. ನೋವು ವಾಸಿ ಮಾಡುತ್ತದೆ ಅಂತ ನಾನು ಯಾರಿಗೂ ಹೇಳಿ ಮಾರುವುದಿಲ್ಲ. ಹೊಸಬರಾದರೆ ಮೊದಲು ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ ಒಂದು ದಿನ ಬಿಟ್ಟು ನೋಡಿ ಅನ್ನುತ್ತೇನೆ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಟ್ಟುಬಿಡಬೇಕು. ಚರ್ಮಕ್ಕೆ ಒಮ್ಮೆ ಅಲರ್ಜಿ ಅಂಟಿದರೆ ಆಮೇಲೆ ಲವಂಗದೆಣ್ಣೆಯೂ ಆಗಿಬರುವುದಿಲ್ಲ.

ಸೋಪಿನಲ್ಲಿ ಇದರ ಆಟವೇ ಬೇರೆ. ಕಾಸ್ಟಿಕ್ ಸೋಡಾ ಕರಗಿಸಿದ ನೀರು, ಎಣ್ಣೆ ಬೆರೆತು ಅಂಬಲಿ ಹದಕ್ಕೆ ಬಂದಿರುತ್ತದೆ. ಇದನ್ನು ಹಾಕಿದ ಕೂಡಲೇ ಝುಣಕದ ಹಾಗೆ ಬಿಗಿಯತೊಡಗುತ್ತದೆ. ಯುಜೆನಾಲ್ ಕ್ಷಾರದ ಜೊತೆ ಸೇರಿದಾಗ ಆಗುವುದೇ ಹಾಗೆ. ಅಚ್ಚುಗಳನ್ನು ಮೊದಲೇ ಸಾಲಾಗಿ ಇಟ್ಟಿರುತ್ತೇನೆ. ಎಲೆ ಎಣ್ಣೆಯನ್ನು ಒಂದೆರಡು ಚಮಚ ಕುಸುಬಿ ಎಣ್ಣೆಯಲ್ಲಿ ಕದಡಿಕೊಂಡು ಕೊನೆಗೆ ಹಾಕುತ್ತೇನೆ. ಬ್ಲೆಂಡರ್ ಪಕ್ಕಕ್ಕಿಟ್ಟು ಕೈಯಿಂದಲೇ ತಿರುವಿ, ತಡಮಾಡದೆ ಸುರಿಯುತ್ತೇನೆ. ಬೇಸಿಗೆಯಲ್ಲಿ ನಸುಕಿನಲ್ಲೇ ಈ ಕೆಲಸ. ಮಧ್ಯಾಹ್ನದ ಸೆಕೆಗೆ ಸೋಪಿನ ಹಿಟ್ಟು ಇನ್ನೂ ಬೇಗ ಗಟ್ಟಿಯಾಗುತ್ತದೆ.

ಏಪ್ರಿಲ್ ಬಂತೆಂದರೆ, ಕೂಲರ್ ನೀರಿಗೆ ನಾಲ್ಕು ಹನಿ ಬಿಟ್ಟರೆ ಮನೆಯೆಲ್ಲ ಘಮ್ಮನ್ನುತ್ತದೆ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡವೇ ಬೇಡ. ಗಾಜಿನ ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡಿ. ಕರಗುವುದಿಲ್ಲ, ಹಳದಿ ಗುಂಡಾಗಿ ತಳಕ್ಕೆ ಇಳಿಯುತ್ತದೆ. ಇದು ನೀರಿಗಿಂತ ಭಾರ. ಕೂಲರಿನಲ್ಲೂ ಹಾಗೇ ತಳ ಸೇರಿ ಪಂಪಿನ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಗಾಳಿಯಲ್ಲಿ ಹೋದಷ್ಟು ಇಡೀ ರಾತ್ರಿ ಮಲಗಿದವರ ಮೂಗಿಗೆ. ಕೂಸುಗಳು, ಉಬ್ಬಸ ಇರುವವರು ಇದ್ದರೆ ಏನು ಗತಿ? ನೆಲ ಒರೆಸಲು ಬೇಕಾದರೆ ಮೊದಲು ಸೋಪಿನ ದ್ರಾವಣದಲ್ಲಿ ಚೆನ್ನಾಗಿ ಬೆರೆಸಿ ಆಮೇಲೆ ಬಕೆಟ್ಟಿಗೆ ಹಾಕಿ. ಬೆಕ್ಕು ಸಾಕಿದ ಮನೆಯಲ್ಲಿ ಅದೂ ಬೇಡ. ಅದು ಕಾಲು ನೆಕ್ಕಿಕೊಳ್ಳುತ್ತದೆ, ಇಂಥ ಎಣ್ಣೆ ಅರಗಿಸುವ ಶಕ್ತಿ ಅದರ ಲಿವರಿಗಿಲ್ಲ.

ಹಲ್ಲುನೋವಿಗೆ ಒಂದು ಹನಿ ಕೊಡಿ ಅಂತ ಬರುವವರಿಗೂ ಕೊಡುವುದಿಲ್ಲ. ಹಲ್ಲಿನ ಡಾಕ್ಟರು ತಾತ್ಕಾಲಿಕ ಸಿಮೆಂಟಿಗೆ ಯುಜೆನಾಲನ್ನು ಜಿಂಕ್ ಆಕ್ಸೈಡ್ ಜೊತೆ ಕಲಸುತ್ತಾರೆ, ನಿಜ. ಆದರೆ ಬಾಟಲಿಯಿಂದ ನೇರ ಹಚ್ಚಿದರೆ ವಸಡು ಸುಡುತ್ತದೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಇದು ಬೇಡ. ರಕ್ತ ತೆಳುವಾಗುವ ಗುಳಿಗೆ ತೊಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು, ಯುಜೆನಾಲಿಗೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವಿದೆ.

ನೇರ ಎಣ್ಣೆ ಚರ್ಮದ ಮೇಲೆ ಬಿದ್ದರೆ ಮೊದಲು ಕುಸುಬಿ ಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಬೇಕು. ಬರೀ ನೀರಿಗೆ ಅದು ಬಿಡುವುದಿಲ್ಲ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಬಿಡುತ್ತಲೇ ಇದ್ದು ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿ.

ಬಾಟಲಿ ಕಂದು ಗಾಜಿನದೇ ಆಗಬೇಕು. ಇಲ್ಲಿ ಹೊರಗೆ 42 ಡಿಗ್ರಿ ದಾಟುವ ದಿನಗಳಲ್ಲಿ ಅದನ್ನು ಬಿಗಿ ಡಬ್ಬಿಯೊಳಗಿಟ್ಟು ಫ್ರಿಜ್ಜಿನಲ್ಲಿ ಇಡುತ್ತೇನೆ. ಡಬ್ಬಿ ಇಲ್ಲದಿದ್ದರೆ ಹಾಲು ಮೊಸರೆಲ್ಲ ಲವಂಗ ನಾರುತ್ತದೆ. ಡಬ್ಬಿ ಮೇಲೆ ಕೆಂಪು ಇಂಕಿನಲ್ಲಿ 'ತಿನ್ನುವುದಲ್ಲ' ಅಂತ ಬರೆದು ಮೇಲಿನ ಅರೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಟ್ಟಿದ್ದೇನೆ.