ಟೊಮೆಟೊಗೆ ಮುಂಚೆ ಅಪ್ಸೆಣಬು: ಕೋಲಾರದ ಕೆಂಪು ಮಣ್ಣಲ್ಲಿ ನನ್ನ ಅನುಭವ

ಟೊಮೆಟೊ ನಾಟಿಗೆ ಮುಂಚೆ ಅಪ್ಸೆಣಬು ಬೆಳೆಸಿ ಹಸಿರು ಗೊಬ್ಬರವಾಗಿ ಮಣ್ಣಿಗೆ ಮಗುಚುತ್ತೇನೆ ಅಂದಾಗ "ಐವತ್ತು ದಿನ ಹೊಲ ಸುಮ್ನೆ ಹಾಳು" ಅಂದಿದ್ದವರ ಹೊಲದಲ್ಲೇ ಈಗ ಅಪ್ಸೆಣಬು ಹಳದಿ ಹೂ ಬಿಟ್ಟಿದೆ. ಬೀಜ ಕೊಟ್ಟಿದ್ದೂ ನಾನೇ.

ಇಂಗ್ಲಿಷಲ್ಲಿ ಸನ್ ಹೆಂಪ್ ಅಂದರೂ ಇದು ಪರವಾನಗಿ ಬೇಕಾದ ಹೆಂಪ್ ಅಲ್ಲ, ಗಾಂಜಾ ಜಾತಿಯದ್ದೂ ಅಲ್ಲ. ಸಾರಜನಕ ಕಟ್ಟುವ ದ್ವಿದಳ ಬೆಳೆ, ನಾರೂ ಸಿಗುತ್ತದೆ. ನಾನು ಹಾಕಿದ್ದು ಬೇರುಗಂಟು ಹುಳುವನ್ನು (ಬೇರೊಳಗೆ ಸೇರಿ ಗಂಟು ಕಟ್ಟಿಸುವ ಸಣ್ಣ ಜಂತು, ನೆಮಟೋಡ್) ತಗ್ಗಿಸಲು. ಟೊಮೆಟೊ ಮೇಲೆ ಟೊಮೆಟೊ ಹಾಕಿದ ನೆಲದಲ್ಲಿ ಗಿಡ ಕಿತ್ತರೆ ಬೇರೆಲ್ಲ ಗಂಟು. ಅಪ್ಸೆಣಬಿನ ಬೇರಿಗೆ ಆ ಹುಳು ಹೊಕ್ಕರೂ ಸರಿಯಾಗಿ ಬೆಳೆದು ಮೊಟ್ಟೆ ಇಡಲಾಗದು. ಆದರೆ ಬಿತ್ತನೆ ತೆಳುವಾದರೆ ನಡುವೆ ಕಳೆ ಏಳುತ್ತದೆ, ಹುಳು ಕಳೆಯ ಬೇರಲ್ಲಿ ಬದುಕಿಕೊಳ್ಳುತ್ತದೆ. ಎಕರೆಗೆ 20 ಕೆಜಿಗೆ ಕಡಿಮೆ ಮಾಡಬೇಡಿ.

ಮೇ ಮಳೆಗೆ ಚೆಲ್ಲಿ ಕುಂಟೆ ಹೊಡೆದರೆ ಸಾಕು. ಬೀಜಕ್ಕೆ ಅಲಸಂದೆಯ ರೈಜೋಬಿಯಂ (ಬೇರಿನ ಗುಳ್ಳೆಯಲ್ಲಿದ್ದು ಸಾರಜನಕ ಕಟ್ಟುವ ಸೂಕ್ಷ್ಮಾಣು) ಹಚ್ಚಿ. ನೀರು ನಿಲ್ಲುವ ತಗ್ಗಲ್ಲಿ ಇದು ಉಳಿಯದು. ತಿಂಗಳಾದಾಗ ಒಂದೆರಡು ಗಿಡ ಅಗೆದು ಬೇರಿನ ಗುಳ್ಳೆ ಸೀಳಿ: ಒಳಗೆ ಕೆಂಪಗಿದ್ದರೆ ಸಾರಜನಕ ಕಟ್ಟುವ ಕೆಲಸ ನಡೆದಿದೆ, ಬೆಳ್ಳಗಿದ್ದರೆ ಇಲ್ಲ.

ಎಲ್ಲರೂ ಸೋಲುವುದು ಮಗುಚುವ ಹೊತ್ತಲ್ಲಿ. ಹೂ ಶುರುವಾದಾಗ, ಅಂದರೆ 45–50 ದಿನಕ್ಕೆ, ಕಾಂಡ ಪಟ್ ಅಂತ ಮುರಿಯುವಾಗಲೇ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಬೇಕು. ಇನ್ನಷ್ಟು ಬೆಳೆಯಲಿ ಅಂತ ಬಿಟ್ಟರೆ ನಾರು ಬ್ಲೇಡಿಗೆ ಸುತ್ತಿ ಟ್ರ್ಯಾಕ್ಟರ್ ನಿಲ್ಲುತ್ತದೆ. ಬಲಿತ ಕಾಂಡ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ನಾಟಿ ಮಾಡಿದ ಟೊಮೆಟೊ ಹಳದಿಯಾಗುತ್ತದೆ. ಮಣ್ಣು ಹಸಿ ಇರಲಿ, ಒಣ ನೆಲದಲ್ಲಿ ಕೊಳೆಯದು. ಎರಡು ವಾರ ಬಿಟ್ಟು ನಾಟಿ.

ಖರ್ಚು: ಬೀಜ, ಎರಡು ಸಾಲು ರೋಟವೇಟರ್ ಸೇರಿ ಎಕರೆಗೆ ಐದು ಸಾವಿರದ ಆಸುಪಾಸು. ಅದೇ ಕೊಟ್ಟಿಗೆ ಗೊಬ್ಬರ ನಾಲ್ಕೈದು ಲೋಡು ಹಾಕಿಸಿದ್ದರೆ ಇಪ್ಪತ್ತು ಸಾವಿರ ದಾಟುತ್ತಿತ್ತು. ಯೂರಿಯಾ ಅರ್ಧಕ್ಕಿಳಿದಿದೆ, ಡ್ರಿಪ್ಪಲ್ಲಿ ಬಿಡುತ್ತಿದ್ದ ಹುಳುವಿನ ಔಷಧಿ ಈ ಸಲ ತಂದೇ ಇಲ್ಲ. ಗಂಟು ಪೂರ್ತಿ ಹೋಗಿಲ್ಲ, ಆದರೆ ಕೊನೇ ಕೊಯ್ಲಿನವರೆಗೂ ಗಿಡ ಬಾಡಲಿಲ್ಲ.

ಬದುವಿನ ಸಾಲುಗಳನ್ನು ಕಾಯಿ ಕಟ್ಟುವವರೆಗೆ ಬಿಟ್ಟು ನಾರೂ ತೆಗೆದಿದ್ದೇನೆ. ಕಾಂಡ ಕಟ್ಟಿ ಸಿಮೆಂಟ್ ತೊಟ್ಟಿಯಲ್ಲಿ ಐದಾರು ದಿನ ಮುಳುಗಿಸಿದರೆ ಸಿಪ್ಪೆ ಬಿಡುತ್ತದೆ. ಕೆರೆಗೆ ಹಾಕಬೇಡಿ, ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಮೀನು ಸಾಯುತ್ತವೆ. ಆ ನಾರನ್ನು ಎರಡೆಳೆ ಹೊಸೆದು ಟೊಮೆಟೊ ಕಟ್ಟಲು ಬಳಸಿದೆ. ಬೆಳೆ ಮುಗಿದ ಮೇಲೆ ಗಿಡದ ಜತೆಗೇ ತಿಪ್ಪೆಗೆ ಹೋಗುತ್ತದೆ. ಪ್ಲಾಸ್ಟಿಕ್ ದಾರ ಆರಿಸಿ ಬದುವಲ್ಲಿ ಸುಡುವ ಹೊಗೆ ಇಲ್ಲ. ಕೂಲಿ ಕೊಟ್ಟು ಹೊಸೆಸಿದರೆ ಮಾತ್ರ ಪ್ಲಾಸ್ಟಿಕ್ಕಿನ ಎರಡರಷ್ಟು ಬೀಳುತ್ತದೆ, ಮನೆಮಂದಿ ಕೂತರೆ ಗಿಟ್ಟುತ್ತದೆ.

ಬೀಜಕ್ಕೆ ಬಿಟ್ಟ ಸಾಲಿಗೆ ದನ, ಕುರಿ ನುಗ್ಗದಂತೆ ನೋಡಿಕೊಳ್ಳಿ, ಬೀಜದಲ್ಲಿ ಯಕೃತ್ತಿಗೆ ಕೆಡುಕಾಗುವ ವಿಷವಿದೆ. ಕಾಯಿ ಕೊರೆಯುವ ಕಂಬಳಿಹುಳು ಬಿದ್ದರೆ ಮೊದಲ ವಾರದಲ್ಲೇ ಕೈಯಲ್ಲಿ ಆರಿಸಿ.