ಪ್ಲೇಯರ್‌ಗೆ ಹೊರಗಿನ ಕ್ಲಾಕ್ ಬೇಕಾ? ಕೊಳ್ಳುವ ಮುಂಚೆ ಹೀಗೆ ಪರೀಕ್ಷೆ ಮಾಡಿ ನೋಡಿ

ಹೊರಗಿನ ಕ್ಲಾಕ್ (ಪ್ಲೇಯರಿಗೋ ಡ್ಯಾಕಿಗೋ ತಾಳ ಹಾಕಿಕೊಡುವ ಬೇರೆ ಡಬ್ಬಿ) ಹಾಕಿದ ಮೇಲೆ ಬೇಸ್ ಬಿಗಿಯಾಯ್ತು, ಹಾಡುವವರು ಎದುರಿಗೇ ಬಂದು ನಿಂತ ಹಾಗಾಯ್ತು ಅನ್ನುವವರು ತುಂಬಾ ಜನ ಇದ್ದಾರೆ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಅವರಿಗೆ ಹಾಗೆ ಕೇಳಿಸಿದೆ. ಹಾಗೆ ಕೇಳಿಸಿದ್ದಕ್ಕೆ ಕ್ಲಾಕೇ ಕಾರಣನಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಂದೇ ಪ್ಲೇಯರ್, ಒಂದೇ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸೌಂಡಿನ ಸಿಗ್ನಲ್ ಆಗಿ ಬದಲಿಸುವ ಉಪಕರಣ) ಇಟ್ಟುಕೊಂಡು ಹಾಡು ಕೇಳುವವರಿಗೆ ಇದರಿಂದ ಸೌಂಡ್ ಸುಧಾರಿಸುವ ಸಾಧ್ಯತೆ ತೀರಾ ಕಡಿಮೆ. ಕೆಡುವ ಸಾಧ್ಯತೆ ಸ್ವಲ್ಪ ಇದೆ.

ಮೊದಲು ಕ್ಲಾಕ್ ಏನು ಮಾಡುತ್ತದೆ ಅಂತ ನೋಡೋಣ. ಸಿಡಿ ಗುಣಮಟ್ಟದ ಫೈಲಿನಲ್ಲಿ ಒಂದು ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ಅಳತೆಯ ಅಂಕಿಗಳು, ಇರುತ್ತವೆ. ಅಂದರೆ ಸುಮಾರು 22.7 ಮೈಕ್ರೋಸೆಕೆಂಡಿಗೆ ಒಂದರಂತೆ ಡ್ಯಾಕ್ ಅವುಗಳನ್ನು ವೋಲ್ಟೇಜ್ ಆಗಿ ಬದಲಿಸಬೇಕು. ಯಾವಾಗ ಬದಲಿಸಬೇಕು ಅಂತ ತಾಳ ಹಾಕುವುದೇ ಕ್ಲಾಕ್. ಒಳ್ಳೆಯ ಡ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ತಾಳ ಹುಟ್ಟಿಸುವ ಎರಡು ಕ್ರಿಸ್ಟಲ್ ಇರುತ್ತವೆ: ಸ್ಯಾಂಪಲ್ ದರ 44.1, 88.2, 176.4 ಕಿಲೋಹರ್ಟ್ಸ್ ಇರುವ ಗುಂಪಿಗೆ 22.5792 ಮೆಗಾಹರ್ಟ್ಸ್, 48, 96, 192ರ ಗುಂಪಿಗೆ 24.576 ಮೆಗಾಹರ್ಟ್ಸ್. 44,100ನ್ನು 512ರಿಂದ ಗುಣಿಸಿ ನೋಡಿ, ಮೊದಲನೆಯದು ಸರಿಯಾಗಿ ಸಿಗುತ್ತದೆ. ಈ ತಾಳ ಆಗಾಗ ಚೂರು ಮುಂಚೆ, ಚೂರು ತಡವಾಗಿ ಬಿದ್ದರೆ ಅದಕ್ಕೆ ಜಿಟ್ಟರ್ ಅನ್ನುತ್ತಾರೆ. ಮೆಮರಿ ಕಾರ್ಡಿನಲ್ಲಿ ಕೂತಿರುವ ಫೈಲಿಗೆ ಜಿಟ್ಟರ್ ಇರುವುದಿಲ್ಲ, ಅಲ್ಲಿ ಇರುವುದು ಬರೀ ಅಂಕಿಗಳು. ಡ್ಯಾಕ್ ಚಿಪ್ಪಿನ ಕಾಲಿಗೆ ತಲುಪುವ ಕ್ಲಾಕ್ ಒಂದೇ ಲೆಕ್ಕಕ್ಕೆ ಬರುವುದು.

ಕ್ಲಾಕ್ ಮಾರುವಾಗ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅನ್ನುವ ಹಾಗೆ ಕಲಸಿಬಿಡುತ್ತಾರೆ. ಒಂದು, ಗಡಿಯಾರ ದಿನಗಟ್ಟಲೆ ಎಷ್ಟು ಸರಿಯಾಗಿ ಓಡುತ್ತದೆ ಅನ್ನುವುದು. ಇನ್ನೊಂದು, ಒಂದು ಟಿಕ್‌ನಿಂದ ಮುಂದಿನ ಟಿಕ್‌ಗೆ ಎಷ್ಟು ಅಲುಗಾಡುತ್ತದೆ ಅನ್ನುವುದು. ರುಬಿಡಿಯಂ (ಒಂದು ಬಗೆಯ ಪರಮಾಣು ಗಡಿಯಾರ) ಅಂತ ದೊಡ್ಡದಾಗಿ ಬರೆದಿರುವ ಡಬ್ಬಿಗಳ ಬಲ ಇರುವುದು ಮೊದಲನೆಯದರಲ್ಲಿ. ಹಾಡು ಕೇಳುವುದಕ್ಕೆ ಅದು ಎಷ್ಟು ಬೇಕು? ನಿಮ್ಮ ಪ್ಲೇಯರಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50ರಷ್ಟು ತಪ್ಪಾಗಿ ಓಡುತ್ತಿದೆ ಅಂದುಕೊಳ್ಳಿ. ಒಂದು ಗಂಟೆಯ ಆಲ್ಬಂ 0.18 ಸೆಕೆಂಡ್ ಮುಂಚೆಯೋ ತಡವಾಗಿಯೋ ಮುಗಿಯುತ್ತದೆ. ಕೀಬೋರ್ಡಿನ ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿ. ಶ್ರುತಿ ಅದರ ಒಂದು ಭಾಗದ ಹತ್ತನೇ ಒಂದರಷ್ಟೂ ಕದಲುವುದಿಲ್ಲ. ಕ್ಯಾಸೆಟ್ ಟೇಪ್ ಇದಕ್ಕಿಂತ ನೂರಾರು ಪಟ್ಟು ಜಾಸ್ತಿ ಏರುಪೇರಾಗುತ್ತಿತ್ತು, ಅದನ್ನೇ ವರ್ಷಗಟ್ಟಲೆ ಖುಷಿಯಾಗಿ ಕೇಳಿದ್ದೇವೆ ಅಲ್ವಾ?

ಇನ್ನು ಅಲುಗಾಟದ ಲೆಕ್ಕ. 16 ಬಿಟ್‌ನಲ್ಲಿ, ಪೂರ್ತಿ ಜೋರಾದ 20 ಕಿಲೋಹರ್ಟ್ಸ್ ದನಿಯಲ್ಲಿ, ತಪ್ಪು ಅರ್ಧ ಬಿಟ್ ದಾಟಬಾರದು ಅಂದರೆ ಜಿಟ್ಟರ್ ಸುಮಾರು 120 ಪಿಕೋಸೆಕೆಂಡಿನ ಒಳಗಿರಬೇಕು. ಕೇಳಿದರೆ ಗಾಬರಿಯಾಗುವ ಅಂಕಿ, ಜಾಹೀರಾತುಗಳಲ್ಲಿ ಇದನ್ನೇ ಹಿಡಿದು ಹೆದರಿಸುವುದು. ಆದರೆ ಹಾಡಿನಲ್ಲಿ ಯಾರೂ ಒಂದೇ ಸಮ 20 ಕಿಲೋಹರ್ಟ್ಸ್ ಕಿರುಚುವುದಿಲ್ಲ. 2005ರಲ್ಲಿ ಜಪಾನಿನಲ್ಲಿ ಪಳಗಿದ ಕಿವಿಯವರನ್ನು ಕೂರಿಸಿ, ಅವರಿಗೆ ಬೇಕಾದ ಹಾಗೆ ಕೇಳಲು ಬಿಟ್ಟು, ಹಾಡಿಗೆ ಬೇಕಂತಲೇ ಜಿಟ್ಟರ್ ಬೆರೆಸಿ ಪರೀಕ್ಷೆ ಮಾಡಿದರು. ಅವರು ವ್ಯತ್ಯಾಸ ಹಿಡಿಯಲು ನೂರಾರು ನ್ಯಾನೋಸೆಕೆಂಡ್ ಜಿಟ್ಟರ್ ಬೇಕಾಯಿತು. ಒಂದು ನ್ಯಾನೋಸೆಕೆಂಡ್ ಅಂದರೆ ಸಾವಿರ ಪಿಕೋಸೆಕೆಂಡ್. ಇವತ್ತಿನ ಒಂದು ಮಟ್ಟದ ಡ್ಯಾಕ್‌ನಲ್ಲಿ ಜಿಟ್ಟರ್ ಒಂದು ನ್ಯಾನೋಸೆಕೆಂಡಿಗಿಂತ ಕೆಳಗೇ ಇರುತ್ತದೆ.

ಹೊರಗಿನ ಕ್ಲಾಕ್ ಕೆಡಿಸುವುದು ಹೇಗೆ? ಇಂಥ ಹಲವು ಡಬ್ಬಿಗಳು ಕೊಡುವ 10 ಮೆಗಾಹರ್ಟ್ಸ್ ಸಿಗ್ನಲ್ಲನ್ನು ಆಡಿಯೋ ಡ್ಯಾಕ್ ನೇರವಾಗಿ ಬಳಸಲು ಆಗುವುದಿಲ್ಲ. 10ಕ್ಕೂ 22.5792ಕ್ಕೂ ಸಲೀಸಾದ ಗುಣಾಕಾರ ಇಲ್ಲ. ಹಾಗಾಗಿ ಡ್ಯಾಕ್ ಒಳಗೆ ಒಂದು ಪಿಎಲ್‌ಎಲ್ ಸರ್ಕ್ಯೂಟ್ ಕೂತು, ಹೊರಗಿನ ಸಿಗ್ನಲ್ ನೋಡಿಕೊಂಡು ಬೇಕಾದ ಆವರ್ತನವನ್ನು ಹೊಸದಾಗಿ ತಯಾರಿಸುತ್ತದೆ. ನೀವು ಕೊನೆಗೆ ಕೇಳುವುದು ಆ ಪಿಎಲ್‌ಎಲ್‌ನ ಗುಣವನ್ನು. ಹೊರಗಡೆ ಎಷ್ಟೇ ದುಬಾರಿ ಪೆಟ್ಟಿಗೆ ಇದ್ದರೂ ಕೊನೆಯ ಗಡಿಯಾರ ಒಳಗೇ ಇದೆ. ಅದರ ಜೊತೆಗೆ ಒಂದು ಕೇಬಲ್, ಎರಡು ಕನೆಕ್ಟರ್, ಗ್ರೌಂಡ್ ಲೂಪ್ (ಕರೆಂಟಿನ ಹಮ್ ಒಳಗೆ ತರುವ ತೊಂದರೆ) ಬರುವ ಒಂದು ಹೊಸ ದಾರಿ. ಇಷ್ಟಕ್ಕೆಲ್ಲ ಬದಲು, ಡ್ಯಾಕ್ ಚಿಪ್ಪಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಒಂದು ಶುದ್ಧ ಕ್ರಿಸ್ಟಲ್ ಸುಮ್ನೆ ಕೂತಿತ್ತು. 2010ರಲ್ಲಿ ಬ್ರಿಟನ್ನಿನ ಸೌಂಡ್ ಆನ್ ಸೌಂಡ್ ಪತ್ರಿಕೆ ಹಲವು ಸ್ಟುಡಿಯೋ ಕನ್ವರ್ಟರ್‌ಗಳನ್ನು ಬೇರೆ ಬೇರೆ ಮಾಸ್ಟರ್ ಕ್ಲಾಕ್‌ಗಳಿಗೆ ಕಟ್ಟಿ ಅಳೆದಿತ್ತು. ಒಟ್ಟಾರೆ ಒಳಗಿನ ಕ್ಲಾಕಿನಲ್ಲೇ ಅವು ಚೆನ್ನಾಗಿ ಕೆಲಸ ಮಾಡಿದವು.

ಈಗ ನಿಮ್ಮ ಸೆಟ್‌ಅಪ್ ವಿಷಯಕ್ಕೆ ಬರೋಣ.

ಡ್ಯಾಕ್ ಅಥವಾ ಪ್ಲೇಯರಿನ ಹಿಂಭಾಗ ನೋಡಿ. ಕ್ಲಾಕ್ ಇನ್ ಅಂತ ಬರೆದ ಗುಂಡನೆಯ ಬಿಎನ್‌ಸಿ ಸಾಕೆಟ್ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದ್ದರೆ ಅದು 10 ಮೆಗಾಹರ್ಟ್ಸ್ ಕೇಳುತ್ತದಾ, ವರ್ಡ್ ಕ್ಲಾಕ್ (ಸ್ಯಾಂಪಲ್ ದರದಲ್ಲೇ ಓಡುವ ತಾಳ) ಕೇಳುತ್ತದಾ ಅಂತ ಮ್ಯಾನುಯಲ್‌ನಲ್ಲಿ ಹುಡುಕಿ. ಎರಡಕ್ಕೂ ಸಾಕೆಟ್ ಒಂದೇ ಥರ ಕಾಣಿಸುತ್ತದೆ, ಆದರೆ ಅದರ ಕೆಲಸ ಇದು ಮಾಡುವುದಿಲ್ಲ. ವರ್ಡ್ ಕ್ಲಾಕಿಗೆ 75 ಓಮ್ ಕೇಬಲ್ ಬೇಕು. 10 ಮೆಗಾಹರ್ಟ್ಸ್‌ಗೆ 50 ಓಮ್ ಬಳಸುವುದು ಜಾಸ್ತಿ, 75 ಇರುವುದೂ ಉಂಟು.

ಪ್ಲೇಯರಿನಿಂದ ಡ್ಯಾಕ್‌ಗೆ ಯಾವ ದಾರಿಯಲ್ಲಿ ಹೋಗುತ್ತಿದ್ದೀರಿ ಅನ್ನುವುದೂ ಮುಖ್ಯ. ಅಸಿಂಕ್ರೊನಸ್ ಯುಎಸ್‌ಬಿ ಆದರೆ ಡ್ಯಾಕ್ ತನ್ನ ಗಡಿಯಾರ ನೋಡಿಕೊಂಡು "ಇಷ್ಟು ಡೇಟಾ ಕಳಿಸು" ಅಂತ ತಾನೇ ಕೇಳಿ ತರಿಸಿಕೊಳ್ಳುತ್ತದೆ. ಅಲ್ಲಿ ಪ್ಲೇಯರಿನ ಕ್ಲಾಕ್ ಹೇಗಿದ್ದರೂ ನಡೆಯುತ್ತದೆ, ತಾಳ ಸರಿಮಾಡುತ್ತೇನೆ ಅಂತ ಮಧ್ಯೆ ಇಡುವ ರಿಕ್ಲಾಕರ್ ಡಬ್ಬಿಗೆ ಮಾಡಲು ಕೆಲಸವೇ ಇರುವುದಿಲ್ಲ. ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಆದರೆ ಕಥೆ ಬೇರೆ. ಆಗ ಡೇಟಾ ಜೊತೆಗೇ ಹೆಣೆದುಕೊಂಡು ಬರುವ ತಾಳವನ್ನು ಡ್ಯಾಕ್ ಬಿಡಿಸಿ ತೆಗೆಯಬೇಕು. ಹಳೆಯ ಅಥವಾ ಅಗ್ಗದ ರಿಸೀವರ್ ಇದ್ದರೆ ಇಲ್ಲಿ ನಿಜವಾಗಿಯೂ ಜಿಟ್ಟರ್ ಸೇರಬಹುದು. ಅನುಮಾನ ಇದ್ದರೆ ಯುಎಸ್‌ಬಿಗೆ ಬದಲಾಯಿಸಿಕೊಳ್ಳಿ, ಒಂದು ಕೇಬಲ್‌ನಲ್ಲಿ ಕೆಲಸ ಆಗುತ್ತದೆ.

ಇನ್ನು ಕೇಳುವ ಪರೀಕ್ಷೆ. ಇದಕ್ಕೂ ಮುಂಚೆ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಮ್ಮೆ ಸ್ನೇಹಿತನಿಂದ ವರ್ಡ್ ಕ್ಲಾಕ್ ಡಬ್ಬಿ ಎರವಲು ತಂದು ಡ್ಯಾಕ್‌ಗೆ ಸಿಕ್ಕಿಸಿ, ಚೆನ್ನಾಗಿ ಗೊತ್ತಿರುವ ಹಾಡೊಂದನ್ನು ಹಾಕಿದೆ. ಗಾಯಕಿಯ ದನಿ ತುಂಬಿಕೊಂಡು, ಒಂಚೂರು ಗಾಢವಾಗಿ, ಯಾವ ಅವಸರವೂ ಇಲ್ಲದೆ ಹರಿದು ಬಂತು. ಎಲ್ಲರೂ ಹೇಳುವ ಆ "ಅನಲಾಗ್ ಆರಾಮ" ಇದೇ ಇರಬೇಕು ಅಂತ ಅರ್ಧ ಗಂಟೆ ಹಿಗ್ಗಿದೆ. ಆಮೇಲೆ ಡಬ್ಬಿಯ ಮುಂದಿನ ದೀಪ ಕಣ್ಣಿಗೆ ಬಿತ್ತು: 44.1. ಫೈಲ್ ಇದ್ದದ್ದು 48. ಒಂದು ಸೆಕೆಂಡಿಗೆ 48,000 ಹೋಗಬೇಕಾದ ಸ್ಯಾಂಪಲ್‌ಗಳು 44,100ರ ವೇಗದಲ್ಲಿ ಹೋಗುತ್ತಿದ್ದವು. ಹಾಡು ಶೇಕಡಾ 8ರಷ್ಟು ನಿಧಾನ, ಶ್ರುತಿ ಹತ್ತಿರಹತ್ತಿರ ಒಂದೂವರೆ ಸೆಮಿಟೋನ್ ಕೆಳಗೆ! ಹೊಸ ಡಬ್ಬಿ ತಂದಿದ್ದೇನೆ ಅನ್ನುವ ಖುಷಿಯಲ್ಲಿ ನನ್ನ ಕಿವಿ ಇಷ್ಟು ದೊಡ್ಡ ತಪ್ಪನ್ನೇ ಗುಣ ಅಂತ ಒಪ್ಪಿಕೊಂಡಿತ್ತು. ಅವತ್ತಿನಿಂದ ಕಣ್ಣು ಬಿಟ್ಟುಕೊಂಡು ಮಾಡಿದ ಹೋಲಿಕೆಯನ್ನು, ನನ್ನದೂ ಸೇರಿ, ನಾನು ನಂಬುವುದಿಲ್ಲ.

ಹಾಗಾಗಿ ಮೊದಲು ಫೈಲಿನ ದರ, ಕ್ಲಾಕಿನ ದರ ಒಂದೇ ಇದೆಯಾ ನೋಡಿ. 1 ಕಿಲೋಹರ್ಟ್ಸ್ ಟೋನ್ ಹಾಕಿ ಫೋನಿನ ಟ್ಯೂನರ್ ಆ್ಯಪ್ ಹಿಡಿದರೂ ಸಾಕು. ಆಮೇಲೆ ಔಟ್‌ಪುಟ್ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಒಳಗಿನ ಕ್ಲಾಕಿನಲ್ಲಿ 1 ವೋಲ್ಟ್ ಬಂದರೆ ಹೊರಗಿನದರಲ್ಲಿ 1.01 ದಾಟಬಾರದು. ಚೂರು ಜೋರಾಗಿರುವುದು ಯಾವಾಗಲೂ "ಚೆನ್ನಾಗಿ" ಕೇಳಿಸುತ್ತದೆ. ಬರೀ ಕ್ಲಾಕ್ ಬದಲಿಸಿದರೆ ವಾಲ್ಯೂಮ್ ಬದಲಾಗಬಾರದು, ಆದರೂ ನೋಡಿ.

ಆಮೇಲೆ ಒಬ್ಬರನ್ನು ಸಹಾಯಕ್ಕೆ ಕರೆಯಿರಿ. ಅವರು ನಾಣ್ಯ ಚಿಮ್ಮಿ ಒಳಗಿನ ಕ್ಲಾಕೋ ಹೊರಗಿನದೋ ಅಂತ ಆರಿಸಿ, ಬರೆದಿಟ್ಟುಕೊಳ್ಳಲಿ. ನೀವು ಬೆನ್ನು ಹಾಕಿ ಕೂತು ಯಾವುದು ಅಂತ ಹೇಳಿ. ಹೀಗೆ 16 ಸಲ. ಇಲ್ಲಿ ಒಂದು ಸೂಕ್ಷ್ಮ ಇದೆ: ಕ್ಲಾಕ್ ಬದಲಿಸಿದಾಗ ಡ್ಯಾಕ್ ಕ್ಷಣಕಾಲ ಮೌನವಾಗುತ್ತದೆ, ಕೆಲವು ಟಕ್ ಅಂತ ರಿಲೇ ಸದ್ದು ಮಾಡುತ್ತವೆ, ಆ ಸದ್ದೇ ಉತ್ತರ ಬಿಟ್ಟುಕೊಡುತ್ತದೆ. ಅದಕ್ಕೇ ಸಹಾಯಕರು ಪ್ರತಿ ಸಲವೂ ಆ ಕಡೆ ಈ ಕಡೆ ಲೆಕ್ಕ ಸಿಗದ ಹಾಗೆ ಕೆಲವು ಸಲ ತಿರುಗಿಸಿ, ಆಮೇಲೆ ಬೇಕಾದಲ್ಲಿಗೆ ತಂದು ನಿಲ್ಲಿಸಬೇಕು, ಅದು ಮೊದಲಿದ್ದ ಕ್ಲಾಕೇ ಆಗಿದ್ದರೂ ಸರಿ. ಬರೀ ಅದೃಷ್ಟದ ಮೇಲೆ ಊಹಿಸುವವರಿಗೆ 16ರಲ್ಲಿ 12 ಅಥವಾ ಜಾಸ್ತಿ ಸರಿ ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. 9, 10 ಬಂದರೆ ಏನೂ ಸಾಬೀತಾಗಲಿಲ್ಲ. ಇಷ್ಟ ಬಂದ ಫಲಿತಾಂಶ ಬರುವವರೆಗೆ ಮತ್ತೆ ಮತ್ತೆ ಮಾಡುವುದು ಮೋಸ.

ಆಡಿಯೋ ಇಂಟರ್‌ಫೇಸ್ ಇದ್ದವರು ಅಳೆಯಲೂಬಹುದು. 48 ಕಿಲೋಹರ್ಟ್ಸ್ ಫೈಲಿನಲ್ಲಿ 12 ಕಿಲೋಹರ್ಟ್ಸ್ ಟೋನ್ ಹಾಕಿ, ಡ್ಯಾಕ್ ಔಟ್‌ಪುಟ್ಟನ್ನು ರೆಕಾರ್ಡ್ ಮಾಡಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲೋ ರೂಮ್ ಇಕ್ಯೂ ವಿಝಾರ್ಡ್‌ನಲ್ಲೋ ಅದರ ಸ್ಪೆಕ್ಟ್ರಂ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ) ತೆರೆಯಿರಿ. ಜಿಟ್ಟರ್ ಇದ್ದರೆ ಟೋನಿನ ಎಡಬಲಕ್ಕೆ ಜೋಡಿ ಗೆರೆಗಳು ಏಳುತ್ತವೆ. ಲಯಬದ್ಧವಾದ 1 ನ್ಯಾನೋಸೆಕೆಂಡ್ ಜಿಟ್ಟರ್ ಕೂಡ ಮುಖ್ಯ ಟೋನಿಗಿಂತ ಸುಮಾರು 90 ಡೆಸಿಬೆಲ್ ಕೆಳಗಿನ ಗೆರೆಗಳನ್ನಷ್ಟೇ ಎಬ್ಬಿಸುತ್ತದೆ. ಒಳಗಿನ ಕ್ಲಾಕಿನಲ್ಲಿ ಒಮ್ಮೆ, ಹೊರಗಿನದರಲ್ಲಿ ಒಮ್ಮೆ ಮಾಡಿ ಅಕ್ಕಪಕ್ಕ ಇಡಿ. ಎರಡರಲ್ಲೂ ಒಂದೇ ಥರ ಇರುವ ಗೆರೆಗಳು ರೆಕಾರ್ಡ್ ಮಾಡಿದ ಇಂಟರ್‌ಫೇಸಿನದೇ ಇರಬಹುದು. ಹೊರಗಿನ ಕ್ಲಾಕ್ ಹಾಕಿದಾಗ ಮಾತ್ರ 50 ಅಥವಾ 60 ಹರ್ಟ್ಸ್ ದೂರದಲ್ಲಿ ಹೊಸ ಗೆರೆ ಕಂಡರೆ, ಕ್ಲಾಕ್ ಕೇಬಲ್ ಮೂಲಕ ಕರೆಂಟಿನ ಹಮ್ ಒಳಗೆ ಬಂದಿದೆ ಅಂತ ಅರ್ಥ.

ಹಾಗಾದರೆ ಹೊರಗಿನ ಕ್ಲಾಕ್ ಯಾರಿಗೆ ಬೇಕು? ಒಂದಕ್ಕಿಂತ ಜಾಸ್ತಿ ಡಿಜಿಟಲ್ ಉಪಕರಣಗಳು ಒಟ್ಟಿಗೆ ಓಡಬೇಕಾದ ಕಡೆ. ಎರಡು ಉಪಕರಣಗಳ ಕ್ಲಾಕ್ ಹತ್ತು ಲಕ್ಷಕ್ಕೆ 20ರಷ್ಟು ಬೇರೆ ಇದ್ದರೂ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಆಗುತ್ತದೆ. 44.1ರಲ್ಲಿ ಸೆಕೆಂಡಿಗೆ ಸುಮಾರು 0.9 ಸ್ಯಾಂಪಲ್ ಹೆಚ್ಚುಕಮ್ಮಿ, 1,024 ಸ್ಯಾಂಪಲ್‌ನ ಬಫರ್ 19 ನಿಮಿಷಕ್ಕೆ ತುಂಬಿಯೋ ಬರಿದಾಗಿಯೋ ಟಿಕ್ ಅನ್ನುತ್ತದೆ. ಸ್ಟುಡಿಯೋಗಳಲ್ಲಿ ಎಲ್ಲಕ್ಕೂ ಒಂದೇ ಕ್ಲಾಕ್ ಹಂಚುವುದು ಇದಕ್ಕೇ. ಮನೆಯಲ್ಲಿ ಸಿಡಿ ಟ್ರಾನ್ಸ್‌ಪೋರ್ಟ್ (ಸಿಡಿ ಓದಿ ಬರೀ ಡೇಟಾ ಕಳಿಸುವ ಉಪಕರಣ) ಬೇರೆ, ಡ್ಯಾಕ್ ಬೇರೆ ಇದ್ದು, ಡ್ಯಾಕ್‌ಗೆ ಕ್ಲಾಕ್ ಔಟ್, ಟ್ರಾನ್ಸ್‌ಪೋರ್ಟಿಗೆ ಕ್ಲಾಕ್ ಇನ್ ಇದ್ದರೆ ಡ್ಯಾಕನ್ನೇ ಮಾಸ್ಟರ್ ಮಾಡಿ. ಮೂರನೇ ಪೆಟ್ಟಿಗೆ ಬೇಡ.

ಈಗಾಗಲೇ ಕೊಂಡಿದ್ದೀರಾ? ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಈ 16 ಸಲದ ಪರೀಕ್ಷೆ ಮಾಡಿಬಿಡಿ. ಓವನ್ (ಕ್ರಿಸ್ಟಲ್ಲನ್ನು ಒಂದೇ ಬಿಸಿಯಲ್ಲಿ ಇಡುವ ಗೂಡು) ಇರುವ ಕ್ಲಾಕ್ ಸ್ಥಿರವಾಗಲು ಸ್ವಲ್ಪ ಹೊತ್ತು ಬೇಕು, ಹಿಂದಿನ ರಾತ್ರಿಯೇ ಆನ್ ಮಾಡಿಟ್ಟರೆ "ಇನ್ನೂ ಬಿಸಿಯಾಗಿರಲಿಲ್ಲ" ಅನ್ನುವ ನೆಪ ಇರುವುದಿಲ್ಲ. ಹೊರಗಿನ ತಾಳ ಹಿಡಿದಿದೆ ಅಂತ ತೋರಿಸುವ ಲಾಕ್ ದೀಪ ಮಿನುಗದೆ ಉರಿಯುತ್ತಿರಬೇಕು, ಮಿನುಗುತ್ತಿದ್ದರೆ ಮೊದಲು ಕೇಬಲ್‌ನ ಓಮ್ ನೋಡಿ.