ಬೈಸನ್ ಬಿಟ್ಟ ಮೇಲೆ: 1,900 ಸಾಲಿನ ಪಾರ್ಸರು 230ಕ್ಕೆ ಇಳಿದ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮಂಡಿಗಳಲ್ಲಿ ತೂಕದ ಯಂತ್ರಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ಜೋಡಿಸಿ, ಚೀಲದ ತೂಕ ಕಳೆದು ಚೀಟಿ ಮುದ್ರಿಸುವ ಸಿ ಪ್ರೋಗ್ರಾಮ್ ನಮ್ಮದು. ಅದರ ಕಾನ್ಫಿಗ್, ಅಂದರೆ ಸೆಟ್ಟಿಂಗ್ ಫೈಲು ಓದಿ ಬಿಡಿಸುವ ಭಾಗ (ಪಾರ್ಸರು), ವ್ಯಾಕರಣ ಕೊಟ್ಟರೆ ಕೋಡು ತಾವೇ ಬರೆದುಕೊಡುವ ಫ್ಲೆಕ್ಸ್, ಬೈಸನ್‌ನಲ್ಲಿತ್ತು. ಎಲ್ಲ ಸೇರಿ 1,900 ಸಾಲು. ಈಗ ಹೆಚ್ಚೆಂದರೆ 230. ಕೈಯಲ್ಲಿ ಬರೆದ ಪಾರ್ಸರು ಅಡಿಕೆಯ ಎರಡನೇ ಕೊನೆಕೊಯ್ಲು ದಾಟುವುದಿಲ್ಲ, ಜೇಸನ್ ಎಂಬ ಸಿದ್ಧ ಫೈಲು ಮಾದರಿ ಹಾಕಿ ಎಂದವರೇ ಹೆಚ್ಚು. ಈಗ ಮೂರನೆಯದು ನಡೆದಿದೆ, ಕೆಳಗೆ ಹೇಳುವ ತಪ್ಪುಗಳನ್ನು ತಿದ್ದಿದ ಮೇಲೆ ಪಾರ್ಸರಿನಿಂದಾಗಿ ಒಂದು ದೂರೂ ಬಂದಿಲ್ಲ. ಜೇಸನ್ ಬೇಡವಾದದ್ದಕ್ಕೆ ಕಾರಣ ಸರಳ: ಫೈಲು ತಿದ್ದುವವರು ಮಂಡಿಯ ಗುಮಾಸ್ತರು. ಒಂದು ಅಲ್ಪವಿರಾಮ ಬಿಟ್ಟುಹೋದರೆ ಇಡೀ ಫೈಲು ಬಿದ್ದುಹೋಗುತ್ತದೆ, ಟಿಪ್ಪಣಿ ಬರೆಯಲು ಜಾಗವೂ ಇಲ್ಲ.

ಮೊದಲು ಮಾಡಿದ್ದು ಕೋಡು ಕಡಿಯುವುದಲ್ಲ. ಎಲ್ಲ ಮಂಡಿಗಳ ಫೈಲು ತರಿಸಿ ಓದಿದ್ದು. ಇಪ್ಪತ್ತಾರೋ ಇಪ್ಪತ್ತೇಳೋ ಇದ್ದವು. ಒಳಗೊಳಗೆ ಬ್ಲಾಕು, ಇನ್‌ಕ್ಲೂಡ್, ವೇರಿಯಬಲ್ ಎಲ್ಲವನ್ನೂ ಬೈಸನ್ ವ್ಯಾಕರಣ ಬಲ್ಲದು. ಬಳಸಿದವರು ಒಬ್ಬರೂ ಇಲ್ಲ. ಹಾಗಾಗಿ ಒಂದು ಸಾಲಿಗೆ ಒಂದೇ ಮಾತು: ಚಾಲಿ.ಚೀಲ = 750 (ಚಾಲಿ ಅಡಿಕೆಯ ಚೀಲದ ತೂಕ, ಗ್ರಾಮಿನಲ್ಲಿ). ಕೀಲಿಯ (ಸೆಟ್ಟಿಂಗಿನ) ಹೆಸರು, ಬಗೆ, ಮೌಲ್ಯ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಆಫ್‌ಸೆಟ್‌ಆಫ್ ಹೇಳುವ ಜಾಗ, ಕನಿಷ್ಠ, ಗರಿಷ್ಠ ಎಂದು ಐದು ಅಂಕಣದ ಕೋಷ್ಟಕ. ಹೊಸ ಸೆಟ್ಟಿಂಗ್ ಬಂದರೆ ಅದಕ್ಕೊಂದು ಸಾಲು ಸೇರಿಸಿದರಾಯಿತು. ಓಡುವಾಗ ಮೆಮೊರಿ ಕೇಳಿ ಪಡೆಯುವ ಮ್ಯಾಲಾಕ್ ಎಲ್ಲೂ ಇಲ್ಲ.

ಮೊದಲ ಪ್ರಯತ್ನ ಸಾಲನ್ನು ತುಂಡರಿಸುವ ಸ್ಟ್ರ್‌ಟೋಕ್‌ನಲ್ಲಿ ಕೆಟ್ಟಿತು. ದರದ ಸಾಲಿನಲ್ಲಿ ನಡುವಿನ ಅಂಕಣ ಖಾಲಿ ಬಿಟ್ಟರೆ ಅದು ಎರಡು ಅಲ್ಪವಿರಾಮವನ್ನೂ ಒಟ್ಟಿಗೆ ನುಂಗುತ್ತದೆ. ಬೆಟ್ಟೆ ಅಡಿಕೆಯ ದರ ರಾಶಿ ಅಡಿಕೆಗೆ ಹೋಗಿ ಕೂರುತ್ತದೆ. ಚೀಟಿಯ ತಲೆಬರಹದಲ್ಲಿ ‘ಅಂಗಡಿ #12’ ಎಂದಿದ್ದರೆ ಅರ್ಧ ವಿಳಾಸ ಟಿಪ್ಪಣಿಯಾಗಿ ಮಾಯ. ಈಗ # ಸಾಲಿನ ಮೊದಲಿಗಿದ್ದರೆ ಮಾತ್ರ ಟಿಪ್ಪಣಿ.

ದುಡ್ಡು ಕಳೆದದ್ದು ಬರಹವನ್ನು ಅಂಕಿಯಾಗಿಸುವ ಸ್ಟ್ರ್‌ಟೋಲ್‌ನಿಂದ. ಬೇಸ್ ಜಾಗದಲ್ಲಿ 0 ಕೊಟ್ಟಿತ್ತು, ಅಂದರೆ ಎಷ್ಟರ ಮಾನವೆಂದು ಅಂಕಿ ನೋಡಿ ನೀನೇ ತಿಳಿದುಕೋ ಎಂದು. 1050ರ ಕೆಳಗೆ ಅಂಕಿ ಸರಿಸಾಲಾಗಿ ಕಾಣಲಿ ಎಂದು ಗುಮಾಸ್ತರು 0750 ಎಂದು ಬರೆದರು. ಮುಂದಿನ ಸೊನ್ನೆಯಿಂದಾಗಿ ಅದು ಅಷ್ಟಮಾನ, ಹತ್ತರ ಬದಲು ಎಂಟರ ಲೆಕ್ಕ. 750 ಗ್ರಾಮಿನ ಚೀಲ 488 ಗ್ರಾಮಾಯಿತು. ಚೀಲಕ್ಕೆ 262 ಗ್ರಾಂ ಕಡಿಮೆ ಕಳೆದರೆ ನಲವತ್ತು ಚೀಲಕ್ಕೆ ಹತ್ತೂವರೆ ಕೆಜಿ. ಕೆಜಿಗೆ ನಾನೂರರ ಆಸುಪಾಸು ಹಿಡಿದರೂ ಒಂದೇ ಲಾಟಿನಲ್ಲಿ ನಾಲ್ಕು ಸಾವಿರ ಮಿಕ್ಕಿ. ಅದನ್ನು ತುಂಬಿಕೊಟ್ಟದ್ದು ನಾವೇ. 0800 ಎಂದು ಬರೆದಿದ್ದರೆ ಇನ್ನೂ ಕೆಡುಕು: 8 ಅಷ್ಟಮಾನದ ಅಂಕಿಯಲ್ಲ, ಓದು ಸೊನ್ನೆಗೇ ನಿಲ್ಲುತ್ತದೆ. ಬೇಸ್ 10 ಕೊಡಿ, ಓದು ನಿಂತ ಜಾಗ ತೋರಿಸುವ ಎಂಡ್ ಪಾಯಿಂಟರ್ ಸಾಲಿನ ತುದಿ ಮುಟ್ಟಿದೆಯೇ ನೋಡಿ, ಆಮೇಲೆ ಕೋಷ್ಟಕದ ಮಿತಿಗೆ ಹಿಡಿಯಿರಿ. ಮಿತಿಯೊಂದಿದ್ದರೂ 0800 ಆಗಲೇ ಸಿಕ್ಕಿಬೀಳುತ್ತಿತ್ತು. 488 ಮಾತ್ರ ನುಸುಳುತ್ತಿತ್ತು, ಏಕೆಂದರೆ ನಮ್ಮ ಕನಿಷ್ಠ 300.

ಹೆಚ್ಚು ದಿನ ತಿಂದದ್ದು ಕನ್ನಡದ ಕೀಲಿಗಳು. ಚಾಲಿ, ರಾಶಿ, ಬೆಟ್ಟೆ ಸರಿಯಾಗಿ ಸಿಗುತ್ತಿದ್ದವು. ಕೆಂಪುಗೋಟು, ಬಿಳಿಗೋಟು, ಕೋಕಾ ಮಾತ್ರ ಕೆಲವು ಮಂಡಿಗಳಲ್ಲಿ ‘ಗೊತ್ತಿಲ್ಲದ ಕೀಲಿ’. ಪರದೆಯ ಮೇಲೆ ಎರಡೂ ಒಂದೇ ರೀತಿ. ಬೈಟ್ ಬಿಡಿಸಿ ನೋಡಿದರೆ ವ್ಯತ್ಯಾಸ ‘ೋ’ದಲ್ಲಿ. ಯುನಿಕೋಡಿನಲ್ಲಿ ಅದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ‘ೊ’ ಮತ್ತು ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಹಳೆಯ ‘ನುಡಿ’ ತಂತ್ರಾಂಶದ ಫೈಲನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಿ ತೆಗೆದವರ ಹತ್ತಿರ ಎರಡನೆಯ ರೂಪವಿತ್ತು. ಇಂಥ ರೂಪಗಳನ್ನು ಒಂದಾಗಿಸುವ ಐಸಿಯು ಲೈಬ್ರರಿ ಹಾಕಿ ಎಂದರು ಕೆಲವರು. ಇಷ್ಟು ಚಿಕ್ಕ ಪಾರ್ಸರಿಗೆ ಅಷ್ಟು ದೊಡ್ಡ ದತ್ತಾಂಶ ಏಕೆ? ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದೇ: ೀ, ೇ, ೈ, ೊ, ೋ. ಐದು ಸಾಲಿನ ಕೋಷ್ಟಕ ಸಾಕು. ಪ್ರತಿ ಚಿಹ್ನೆ ಮೂರು ಬೈಟ್, ಕೂಡಿಸಿದಾಗ ಆರು ಇಳಿದು ಮೂರಾಗುತ್ತದೆ. ಹಾಗಾಗಿ ಅದೇ ಬಫರಿನಲ್ಲೇ ಬರೆಯಬಹುದು. ಒಂದು ಎಚ್ಚರ: ಕೂಡಿಸಿ ಬಂದ ‘ೊ’ವನ್ನು ಬಿಟ್ಟು ಮುಂದೆ ಹೋಗಬಾರದು, ಹಿಂದೆಯೇ ದೀರ್ಘ ಬಂದರೆ ಅದು ಮತ್ತೆ ಕೂಡಿ ‘ೋ’ ಆಗಬೇಕು. ಜೊತೆಗೆ, ಅಕ್ಷರಗಳ ನಡುವೆ ಕೂರುವ, ಕಣ್ಣಿಗೆ ಕಾಣದ ಯುನಿಕೋಡ್ ಜೋಡಕಗಳನ್ನು ಹೋಲಿಕೆಗೆ ಮುಂಚೆ ಕಿತ್ತುಹಾಕಿ. ಈ ಭಾಗ ಎಲ್ಲ ಸೇರಿ ನಲವತ್ತು ಸಾಲು ಬಂದಿರಬೇಕು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆಯಿರುವುದು ಇದರ ಬಗ್ಗೆಯೇ.

ಹಳೆಯ ವಿಂಡೋಸಿನ ನೋಟ್‌ಪ್ಯಾಡು ಫೈಲಿನ ತಲೆಗೆ ಅಂಟಿಸುತ್ತಿದ್ದ ಮೂರು ಬೈಟಿನ ಬಿಓಎಂ (ಫೈಲು ಯುನಿಕೋಡ್ ಎಂಬ ಗುರುತು) ಎಲ್ಲರಿಗೂ ಗೊತ್ತು. ಆದರೆ ಅದರ ಮೊದಲ ಬೈಟನ್ನು 0xಇಎಫ್ ಜೊತೆ ನೇರ ಹೋಲಿಸಿದರೆ ಪೈನಲ್ಲಿ ಸರಿ, ಪಿಸಿಯಲ್ಲಿ ಸುಳ್ಳು. ಪೈನ ಆರ್ಮ್ ಲಿನಕ್ಸಿನಲ್ಲಿ ಬರಿ ಚಾರ್ ಅನ್‌ಸೈನ್ಡ್, ಪಿಸಿಯ ಎಕ್ಸ್86ರಲ್ಲಿ ಸೈನ್ಡ್, ಅಲ್ಲಿ ಅದೇ ಬೈಟು ಋಣಸಂಖ್ಯೆಯಾಗುತ್ತದೆ. ಹಳೆ ಪಿಸಿಯ ಮೇಲೆ ಹಾಕಿದ್ದ ಒಂದೇ ಒಂದು ಮಂಡಿಯಲ್ಲಿ ಮೊದಲ ಸಾಲು ಕೈಕೊಟ್ಟಿತು. ಯಲ್ಲಾಪುರಕ್ಕೆ ಎರಡು ಓಡಾಟ; ಪೆಟ್ರೋಲು, ಊಟ ಎಂದು ಸಲಕ್ಕೆ ಸಾವಿರ, ದಿನದ ಕೆಲಸ ಬೇರೆ.

ನಡುವೆ, ಕೀಲಿ ಬೇಗ ಸಿಗಲೆಂದು ಜಿಪರ್ಫ್ ಹಾಕಿ ಹ್ಯಾಷ್ ಕೋಷ್ಟಕ ಮಾಡಿ ನೋಡಿದ್ದೂ ಆಯಿತು. ಮೂವತ್ತೆಂಟು ಕೀಲಿಗೆ ಸಾಲಾಗಿ ಹುಡುಕಿದರೂ ಮಿಲಿಸೆಕೆಂಡು ಮುಟ್ಟುವುದಿಲ್ಲ, ತೆಗೆದುಹಾಕಿದೆ. ಫೈಲನ್ನು ನೇರ ಮೆಮೊರಿಯಂತೆ ತೋರಿಸುವ ಎಮ್‌ಮ್ಯಾಪ್ ಕೂಡ ಬಿಟ್ಟೆ: ಫೈಲು ಸರಿಯಾಗಿ ಮೆಮೊರಿಯ ಒಂದು ಪುಟದಷ್ಟು, 4,096 ಬೈಟಾದ ದಿನ ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ, ಅದು ಸಿಗುವವರೆಗೆ ಎಣಿಸುವ ಸ್ಟ್ರ್‌ಲೆನ್ ಪುಟ ದಾಟಿ ಓದುತ್ತದೆ.

ಅಡ್ಡಾದಿಡ್ಡಿ ಫೈಲು ಹುಟ್ಟಿಸಿ ಪ್ರೋಗ್ರಾಮನ್ನು ಪರೀಕ್ಷಿಸುವ ಎಎಫ್‌ಎಲ್ ಒಂದು ರಾತ್ರಿ ಓಡಿಸಿದಾಗ ಎರಡು ತೂತು ಸಿಕ್ಕವು. ಬಫರಿಗಿಂತ ಉದ್ದದ ಸಾಲನ್ನು ಸಾಲು ಓದುವ ಎಫ್‌ಗೆಟ್ಸ್ ಎರಡಾಗಿ ಕೊಡುತ್ತದೆ, ಬಾಲವನ್ನು ಹೊಸ ಸಾಲೆಂದು ಓದಬಾರದು. ಹೊಸಸಾಲಿನ ಗುರುತೂ ಇಲ್ಲ, ಫೈಲೂ ಮುಗಿದಿಲ್ಲ ಎಂದಾದರೆ ಸಾಲನ್ನೇ ತಿರಸ್ಕರಿಸಿ. ಸಾಲಿನ ಮೊದಲ ಬೈಟೇ ಸೊನ್ನೆಯಾಗಿದ್ದರೆ ಉದ್ದ 0. ಕೊನೆಯ ಬೈಟ್ ತೆಗೆಯುವ ಕೋಡು ಬಫರಿನ ಹಿಂದಿನ ಜಾಗಕ್ಕೆ ಕೈಹಾಕುತ್ತದೆ.

ಇನ್ನು ಮಳೆಗಾಲದ ಕರೆಂಟು. ಉಳಿಸುವಾಗ ಹೊಸ ಹೆಸರಿನ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಮೆಮೊರಿ ಕಾರ್ಡಿಗೆ ನಿಜಕ್ಕೂ ಬರೆಸಿ), ಹಳೆಯ ಹೆಸರಿಗೆ ರಿನೇಮ್ ಮಾಡಿ, ಡೈರೆಕ್ಟರಿಗೂ ಎಫ್‌ಸಿಂಕ್ ಮಾಡಬೇಕು. ಇದನ್ನು ಮಾಡುವ ಮೊದಲು ಜುಲೈ ತಿಂಗಳೊಂದರಲ್ಲೇ ಮೂರು ಖಾಲಿ ಫೈಲು ಕಂಡಿದ್ದೆವು. ಕಾರ್ಡೇ ಕೆಟ್ಟರೂ ಹಿಂದಿನ ದಿನದ ಸೆಟ್ಟಿಂಗ್ ಮರಳಿ ಬರುವ ವ್ಯವಸ್ಥೆ ಬೇರೆ ಇದೆ. ಅದು ನಮ್ಮ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.